ಟೋಪನ್, ಬಣ್ಣ, ಪರವಾನಗಿ: ‘ದಿ ಹ್ಯಾಪಿ ಲ್ಯಾಂಡ್’ ಅಣಕು ನಾಟಕ ಮತ್ತು ವಸಾಹತಿನ ರಂಗಭೂಮಿ

1873ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ದಿ ಹ್ಯಾಪಿ ಲ್ಯಾಂಡ್’ ಎಂಬ ನಾಟಕದ ಪುಸ್ತಕ ನೋಡಲು ವಿಚಿತ್ರವಾಗಿದೆ. ಸಂಭಾಷಣೆ ಸಾಮಾನ್ಯ ಅಕ್ಷರಗಳಲ್ಲಿ ಸಾಗುತ್ತಿರುವಾಗಲೇ ಅಲ್ಲಲ್ಲಿ ಕೆಲವು ಮಾತುಗಳು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎದ್ದು ನಿಲ್ಲುತ್ತವೆ. ಮೊದಲ ಸಲ ಓದುವವರಿಗೆ, ನಟ ಅಲ್ಲಿ ದನಿ ಏರಿಸಬೇಕೆಂಬ ಸೂಚನೆ ಇರಬಹುದು ಎನಿಸುತ್ತದೆ. ಕಾರಣ ಬೇರೆಯೇ ಇದೆ. ಅವು ಪರವಾನಗಿ ಅಧಿಕಾರಿಗಳ ಆಕ್ಷೇಪಕ್ಕೆ ಸಿಕ್ಕಿದ ಮಾತುಗಳು. ಆಡಬಾರದೆಂದ ಮಾತನ್ನು ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚು ಹಾಕಿ ಓದುಗರ ಕೈಗೆ ಕೊಟ್ಟಿದ್ದಾರೆ. ಹೀಗಾಗಿ ಪ್ರಯೋಗದ ಇತಿಹಾಸ ಹುಡುಕುವವನಿಗೆ ಈ ಪುಸ್ತಕ ನಾಟಕದ ಪಠ್ಯವೂ ಹೌದು, ಒಂದು ಜಗಳದ ದಾಖಲೆಯೂ ಹೌದು.

ಆದರೆ ಆ ದೊಡ್ಡಕ್ಷರಗಳು ಹೇಳದ ಒಂದು ಸಂಗತಿಯಿದೆ. ನಾಟಕದ ಮೇಲೆ ಸರ್ಕಾರಕ್ಕೆ ಬಂದ ಸಿಟ್ಟು ಮಾತಿನಿಂದಷ್ಟೇ ಬಂದದ್ದಲ್ಲ. ಮೂವರು ನಟರು ಹಚ್ಚಿಕೊಂಡ ಬಣ್ಣ, ತಲೆಗಿಟ್ಟ ಟೋಪನ್, ತೊಟ್ಟ ಉಡುಪು, ನಡೆದ ನಡಿಗೆಯಿಂದಲೂ ಬಂತು. ಬರ್ಲೆಸ್ಕ್ ಅಂದರೆ ಅಣಕು ನಾಟಕ. ಅದರ ಅರ್ಧ ಜೀವ ಚೌಕಿಮನೆಯ ಕನ್ನಡಿಯ ಮುಂದೆ ಹುಟ್ಟುತ್ತದೆ. ಆ ಅರ್ಧವನ್ನು ಯಾವ ಹಸ್ತಪ್ರತಿಯೂ ಹಿಡಿದಿಡುವುದಿಲ್ಲ. ಈ ನಾಟಕ ಲಂಡನ್ನಿನಿಂದ ವಸಾಹತುಗಳಿಗೆ ದಾಟಿದ ಕಥೆಯನ್ನು ಆ ಅರ್ಧದ ಕಡೆಯಿಂದ ನೋಡಿದರೆ ಏನು ಕಾಣುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಹಿನ್ನೆಲೆ ಹೀಗಿದೆ. ಡಬ್ಲ್ಯು. ಎಸ್. ಗಿಲ್ಬರ್ಟ್ 1873ರ ಜನವರಿ 4ರಂದು ಲಂಡನ್ನಿನ ಹೇಮಾರ್ಕೆಟ್ ಥಿಯೇಟರಿನಲ್ಲಿ ‘ದಿ ವಿಕೆಡ್ ವರ್ಲ್ಡ್’ ಎಂಬ ಪದ್ಯನಾಟಕವನ್ನು ರಂಗಕ್ಕೆ ತಂದಿದ್ದ. ಮೋಡದ ಮೇಲಿನ ಯಕ್ಷಿಣಿಯರ ಲೋಕ. ಅಲ್ಲಿ ಪಾಪವಿಲ್ಲ, ಪ್ರೇಮವೂ ಇಲ್ಲ. ಅಲ್ಲಿರುವ ಒಬ್ಬೊಬ್ಬರಿಗೂ ಭೂಮಿಯ ಮೇಲೆ ಥೇಟ್ ಅವರಂತೆಯೇ ಕಾಣುವ ಒಬ್ಬ ಮನುಷ್ಯನಿದ್ದಾನೆ. ಯಕ್ಷಲೋಕದ ಗಂಡಸರು ಭೂಮಿಗೆ ಇಳಿದಾಗ ಅವರ ಪ್ರತಿರೂಪದ ಮನುಷ್ಯರನ್ನು ಮೇಲಕ್ಕೆ ಕರೆಸಿಕೊಳ್ಳಬಹುದು. ಬಂದವರ ಜೊತೆಗೆ ಪ್ರೇಮ ಬರುತ್ತದೆ, ಅದರ ಬೆನ್ನಿಗೆ ಹೊಟ್ಟೆಕಿಚ್ಚು, ಜಗಳ, ಕಣ್ಣೀರು.

ಎರಡು ತಿಂಗಳು ಕಳೆಯುವುದರೊಳಗೆ ಗಿಲ್ಬರ್ಟ್ ತನ್ನದೇ ನಾಟಕದ ಅಣಕವನ್ನು ತಾನೇ ಹೊಸೆದ. ಅವನು ಹಾಕಿಕೊಟ್ಟ ನಕ್ಷೆಯ ಮೇಲೆ ಸಂಭಾಷಣೆಯ ಬಹುಭಾಗವನ್ನು ಬರೆದವನು ಗಿಲ್ಬರ್ಟ್ ಆರ್ಥರ್ ಎ ಬೆಕೆಟ್. ಗಿಲ್ಬರ್ಟ್ ತನ್ನ ಹೆಸರು ಮರೆಸಿ ‘ಎಫ್. ಟಾಮ್ಲಿನ್’ ಎಂದು ಹಾಕಿಕೊಂಡ. ಮೇರಿ ಲಿಟನ್ ನಡೆಸುತ್ತಿದ್ದ ಸ್ಲೋನ್ ಸ್ಕ್ವೇರಿನ ಕೋರ್ಟ್ ಥಿಯೇಟರಿನಲ್ಲಿ ಮಾರ್ಚ್ 3ರಂದು ಮೊದಲ ಪ್ರಯೋಗ. ಚೌಕಟ್ಟು ಅದೇ, ಯಕ್ಷಲೋಕವೂ ಅದೇ. ಆದರೆ ಈ ಸಲ ಕೆಳಗಿನಿಂದ ಮೇಲೇರಿ ಬಂದವರು ಪ್ರೇಮಿಗಳಲ್ಲ. ಪ್ರಧಾನಿ ಗ್ಲಾಡ್‌ಸ್ಟನ್, ಅರ್ಥಸಚಿವ ರಾಬರ್ಟ್ ಲೋ, ಸರ್ಕಾರಿ ಕಟ್ಟಡ ಮತ್ತು ಉದ್ಯಾನಗಳ ಹೊಣೆ ಹೊತ್ತಿದ್ದ ಆಕ್ಟನ್ ಸ್ಮೀ ಏರ್ಟನ್. ಪುಸ್ತಕದಲ್ಲಿ ಅವರು ಕ್ರಮವಾಗಿ ಮಿಸ್ಟರ್ ಜಿ., ಮಿಸ್ಟರ್ ಎಲ್., ಮಿಸ್ಟರ್ ಎ. ಈ ಮೂವರು ಯಕ್ಷಿಣಿಯರಿಗೆ ಜನಪ್ರಿಯ ಸರ್ಕಾರ ಅಂದರೇನು ಎಂದು ಪಾಠ ಹೇಳುತ್ತಾರೆ, ಆಡಳಿತ ಪಕ್ಷ ವಿರೋಧ ಪಕ್ಷ ಎಂದು ಅವರನ್ನು ಒಡೆಯುತ್ತಾರೆ, ಮಂತ್ರಿಪದವಿ ಹಂಚುತ್ತಾರೆ. ಹಂಚುವ ನಿಯಮ ಸರಳ: ಯಾರಿಗೆ ಯಾವ ವಿಷಯ ಚೂರೂ ಗೊತ್ತಿಲ್ಲವೋ ಅವರಿಗೆ ಆ ಖಾತೆ. ಹಡಗು ಅಂದರೇನು ಎಂದು ಕೇಳಿದವಳಿಗೆ ನೌಕಾಖಾತೆ ಸಿಗುತ್ತದೆ.

ಪ್ರತಿರೂಪ ಎಂಬ ಕಥೆಯ ತಂತ್ರಕ್ಕೂ ರಂಗದ ವೇಷಕ್ಕೂ ಇಲ್ಲಿ ಬಿದ್ದಿರುವ ಗಂಟನ್ನು ಗಮನಿಸಬೇಕು. ಮೂಲ ನಾಟಕದಲ್ಲಿ ‘ಥೇಟ್ ಅವನಂತೆಯೇ ಕಾಣುವವನು’ ಎಂಬುದು ಕಥೆಯೊಳಗಿನ ಮಾತು. ಅಣಕದಲ್ಲಿ ಅದೇ ಮಾತು ಕಥೆಯನ್ನು ದಾಟಿ ಬೀದಿಗೆ ಬಂತು. ಏರ್ಟನ್ ಆಗಿ ಎಡ್ವರ್ಡ್ ರೈಟನ್, ಗ್ಲಾಡ್‌ಸ್ಟನ್ ಆಗಿ ವಾಲ್ಟರ್ ಫಿಶರ್ ರಂಗಕ್ಕೆ ಬಂದಾಗ ಸಭೆಗೆ ಹೆಸರು ಬೇಕಾಗಲಿಲ್ಲ. ಮೂವರೂ ಸೇರಿ ಹಾಡಿ ಕುಣಿದರು. ಅಧಿಕಾರದಲ್ಲಿರುವ ಪ್ರಧಾನಿಯನ್ನು ಮುಖಚಹರೆ ಸಮೇತ ಕುಣಿಸಿದ್ದು ಚಿಕ್ಕ ಸಂಗತಿಯಲ್ಲ.

ಇಂಗ್ಲೆಂಡಿನ 1843ರ ಥಿಯೇಟರ್ ಕಾಯ್ದೆಯಂತೆ ಹೊಸ ನಾಟಕದ ಪ್ರತಿಯನ್ನು ಪ್ರಯೋಗಕ್ಕೆ ಮೊದಲೇ ಲಾರ್ಡ್ ಚೇಂಬರ್ಲಿನ್ ಎಂಬ ಅರಮನೆಯ ಅಧಿಕಾರಿಯ ಕಚೇರಿಗೆ ಕಳಿಸಬೇಕಿತ್ತು. ಅಲ್ಲಿ ಓದಿ ನೋಡುತ್ತಿದ್ದವನು ಪರೀಕ್ಷಕ ವಿಲಿಯಂ ಬೋಡಮ್ ಡಾನ್. ಅವನು ಓದಿದ್ದು ಕಾಗದವನ್ನು. ಕಾಗದದಲ್ಲಿ ಟೋಪನ್ ಇರಲಿಲ್ಲ. ಮೊದಲ ಪ್ರಯೋಗ ಮುಗಿದು ವಾರ ಕಳೆಯುವ ಮೊದಲೇ ನಿಷೇಧ ಬಂತು. ಮತ್ತೆ ಮಾತು ತಿದ್ದಿ, ಮೂವರ ವೇಷವನ್ನೂ ಬದಲಿಸಿ ಆಟ ಮುಂದುವರಿಯಿತು. ಗಲಾಟೆಯಿಂದ ಟಿಕೆಟ್ ಮಾರಾಟಕ್ಕೆ ಅನುಕೂಲವೇ ಆಯಿತು. ಅದೇ ಹೊತ್ತಿಗೆ ಪಾರ್ಲಿಮೆಂಟಿನಲ್ಲಿ ಐರ್ಲೆಂಡಿನ ವಿಶ್ವವಿದ್ಯಾಲಯ ಮಸೂದೆಯ ಮೇಲೆ ಗ್ಲಾಡ್‌ಸ್ಟನ್ ಸರ್ಕಾರ ಕೇವಲ 3 ಮತಗಳಿಂದ ಸೋತು ರಾಜೀನಾಮೆ ಕೊಟ್ಟಿತು. ವಿರೋಧ ಪಕ್ಷದ ನಾಯಕ ಡಿಸ್ರೇಲಿ ಅಧಿಕಾರ ಬೇಡವೆಂದದ್ದರಿಂದ ಅದೇ ಸರ್ಕಾರ ಮರಳಿ ಬಂತು. ನಾಟಕದ ಎದುರು ಕುಳಿತವರು ಬೆಳಗಿನ ಪತ್ರಿಕೆಯ ಮುಂದುವರಿಕೆಯನ್ನೇ ಸಂಜೆ ನೋಡುತ್ತಿದ್ದರು.

ಈ ಮೂವರಲ್ಲಿ ಇಬ್ಬರ ಬದುಕು ವಸಾಹತಿನಲ್ಲೇ ರೂಪುಗೊಂಡದ್ದು ಎಂಬುದರತ್ತ ಸಾಕಷ್ಟು ಗಮನ ಹರಿದಿಲ್ಲ ಎಂದು ನನಗೆ ತೋರುತ್ತದೆ. ಏರ್ಟನ್ ಇಂಗ್ಲೆಂಡಿನ ರಾಜಕೀಯಕ್ಕೆ ಇಳಿಯುವ ಮೊದಲು ಮುಂಬಯಿಯಲ್ಲಿ ಸಾಲಿಸಿಟರ್ ಆಗಿದ್ದ. ಅಲ್ಲಿ ಹಣ ಮಾಡಿಕೊಂಡು 1850ರ ಆಸುಪಾಸಿನಲ್ಲಿ ಮರಳಿದ. ಮುಂದೆ ಸರ್ಕಾರಿ ಖರ್ಚಿನ ಪ್ರತಿ ಕಾಸಿಗೂ ಲೆಕ್ಕ ಕೇಳುವವನೆಂದು, ಕಲಾವಿದರ ಜೊತೆಗೂ ಕ್ಯೂ ಉದ್ಯಾನದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಜೊತೆಗೂ ಕಾಲು ಕೆರೆದು ಜಗಳಕ್ಕೆ ನಿಲ್ಲುವವನೆಂದು ಹೆಸರಾದ. ನಾಟಕದ ಏರ್ಟನ್ ಅಷ್ಟು ಬೇಗ ಗುರುತು ಸಿಕ್ಕಲು ಈ ಜಿಪುಣತನದ ಖ್ಯಾತಿಯೇ ಕಾರಣ.

ಲೋನ ಕಥೆ ಇನ್ನೂ ಮುಖ್ಯ. ಹುಟ್ಟಿನಿಂದಲೇ ಬಿಳಿಚು ಮೈ, ಬಿಳಿ ಕೂದಲು, ಬೆಳಕು ತಾಳದ ಕಣ್ಣು. ದೃಷ್ಟಿ ಹೋಗಬಹುದೆಂಬ ಭಯದ ನಡುವೆಯೇ 1842ರಲ್ಲಿ ಸಿಡ್ನಿಗೆ ಹೋದ. ಅಲ್ಲಿ ವಕೀಲಿ ಮಾಡಿದ, ‘ಅಟ್ಲಾಸ್’ ಎಂಬ ಪತ್ರಿಕೆ ಹೊರಡಿಸಿದ, ನ್ಯೂ ಸೌತ್ ವೇಲ್ಸಿನ ಶಾಸನ ಪರಿಷತ್ತಿನಲ್ಲಿ ಗುಡುಗಿದ, 1850ರಲ್ಲಿ ಇಂಗ್ಲೆಂಡಿಗೆ ಮರಳಿದ. 1866ರಲ್ಲಿ ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆಯನ್ನು ವಿರೋಧಿಸುವಾಗ ಅವನು ಆಸ್ಟ್ರೇಲಿಯಾದ ಪ್ರಜಾಪ್ರಭುತ್ವವನ್ನೇ ಕೆಟ್ಟ ಮಾದರಿಯಾಗಿ ಬೆರಳಿಟ್ಟು ತೋರಿಸಿದ. ಆ ಮಾತನ್ನು ಅಲ್ಲಿಯವರು ಮರೆಯುವಂತಿರಲಿಲ್ಲ. ಇನ್ನೊಂದು ಎಳೆ ಭಾರತದ್ದು. 1852ರಿಂದ 1855ರವರೆಗೆ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬೋರ್ಡ್ ಆಫ್ ಕಂಟ್ರೋಲ್‌ನ ಕಾರ್ಯದರ್ಶಿಗಳಲ್ಲಿ ಲೋ ಒಬ್ಬ. ಭಾರತದ ಸಿವಿಲ್ ಸರ್ವಿಸನ್ನು ಸ್ಪರ್ಧಾಪರೀಕ್ಷೆಗೆ ತೆರೆದ 1853ರ ಕಾಯ್ದೆಯ ಪರವಾಗಿ ವಾದಿಸಿದವನು. ಅರ್ಥಸಚಿವನಾದ ಮೇಲೆ, 1870ರಲ್ಲಿ, ಇಂಗ್ಲೆಂಡಿನ ನಾಗರಿಕ ಸೇವೆಗೂ ಅದೇ ಪದ್ಧತಿ ತಂದ. ಹಾಗಿರುವಾಗ, ಅಜ್ಞಾನವೇ ಅರ್ಹತೆಯಾಗುವ ಪರೀಕ್ಷೆಯ ದೃಶ್ಯದಲ್ಲಿ ಮಿಸ್ಟರ್ ಎಲ್. ರಂಗದ ಮೇಲೇ ಇರುವುದು ಕಾಕತಾಳೀಯವಲ್ಲ. ಅವನ ಜೀವಮಾನದ ಸಾಧನೆಯನ್ನೇ ಬುಡಮೇಲು ಮಾಡಿ ಅವನ ಕೈಗೆ ಕೊಟ್ಟಿದ್ದಾರೆ. ಕಲ್ಕತ್ತೆಗೋ ಮದರಾಸಿಗೋ ಹೊಸದಾಗಿ ಬಂದಿಳಿದ ಸಿವಿಲಿಯನ್ ಅಧಿಕಾರಿ ಈ ದೃಶ್ಯವನ್ನು ಓದಿದ್ದರೆ ಲಂಡನ್ನಿನ ಪ್ರೇಕ್ಷಕನಿಗಿಂತ ಹೆಚ್ಚು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದ.

ಇನ್ನು ಮೆಲ್ಬರ್ನ್. ಇಂಥ ನಾಟಕ ಸಮುದ್ರ ದಾಟಿದಾಗ ಒಂದು ಕಷ್ಟ ಎದುರಾಗುತ್ತದೆ. ಅಣಕಕ್ಕೆ ಗುರಿಯಾದ ಮುಖ ಸಭೆಗೆ ಗೊತ್ತಿಲ್ಲದಿದ್ದರೆ ನಗು ಹುಟ್ಟುವುದಿಲ್ಲ. ಊರೂರಿಗೆ ಹೋಗುವ ಮೇಳದ ಹಾಸ್ಯಗಾರ ಆಯಾ ಊರಿನ ಸುದ್ದಿಯನ್ನು ತನ್ನ ಮಾತಿಗೆ ಸೇರಿಸಿಕೊಳ್ಳುವ ಹಾಗೆ, ವಸಾಹತಿನ ರಂಗದವರೂ ಲಂಡನ್ನಿನ ಬರ್ಲೆಸ್ಕುಗಳಿಗೆ ಸ್ಥಳೀಯ ಮಾತು ತುಂಬುವುದು ರೂಢಿಯಾಗಿತ್ತು. ಆದರೆ ‘ಹ್ಯಾಪಿ ಲ್ಯಾಂಡ್’ಗೆ ನಾಲ್ಕು ಹೊಸ ಚುಟುಕು ಸಾಲದು, ಮೂರು ಮುಖಗಳನ್ನೇ ಬದಲಿಸಬೇಕು. ಆ ಕೆಲಸಕ್ಕೆ ಕೈ ಹಾಕಿದವನು ಮಾರ್ಕಸ್ ಕ್ಲಾರ್ಕ್.

ಕ್ಲಾರ್ಕ್ 1846ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1863ರಲ್ಲಿ, ಹದಿಹರೆಯದಲ್ಲೇ ಮೆಲ್ಬರ್ನಿಗೆ ಬಂದವನು. ಕೈದಿಗಳ ಬದುಕಿನ ಮೇಲೆ ಅವನು ಬರೆದ ‘ಹಿಸ್ ನ್ಯಾಚುರಲ್ ಲೈಫ್’ ಕಾದಂಬರಿ ಇಂದಿಗೂ ಆಸ್ಟ್ರೇಲಿಯಾದ ಸಾಹಿತ್ಯದ ದೊಡ್ಡ ಕೃತಿಗಳಲ್ಲಿ ಒಂದು. ಹೆಂಡತಿ ಮರಿಯನ್ ಡನ್ ನಟಿ. ರಂಗಭೂಮಿಗೆ ಪ್ಯಾಂಟೊಮೈಮ್, ಬರ್ಲೆಸ್ಕ್ ಬರೆಯುವುದು ಅವನಿಗೆ ಹೊಟ್ಟೆಪಾಡೂ ಹೌದು, ಪ್ರೀತಿಯೂ ಹೌದು. ಹಗಲು ಮೆಲ್ಬರ್ನಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಉಪಗ್ರಂಥಪಾಲಕ, ಅಂದರೆ ಸರ್ಕಾರಿ ಸಂಬಳದ ಮನುಷ್ಯ. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಮೆಲ್ಬರ್ನ್ ರಾಜಧಾನಿಯಾಗಿದ್ದ ವಿಕ್ಟೋರಿಯಾ ವಸಾಹತಿನ ಪ್ರಧಾನಿ ಆಗ ಗ್ರಹಾಂ ಬೆರಿ. ಶಾಸನಸಭೆಯ ಸದಸ್ಯರಿಗೆ ಸಂಬಳ ಕೊಡುವ ಪ್ರಶ್ನೆಯ ಮೇಲೆ ಮೇಲ್ಮನೆಗೂ ಅವನಿಗೂ ಕಾಳಗವೇ ನಡೆದಿತ್ತು. ಮೇಲ್ಮನೆ ಹಣಕಾಸಿನ ಮಸೂದೆ ತಡೆದಾಗ, 1878ರ ಜನವರಿಯಲ್ಲಿ ಅವನ ಸರ್ಕಾರ ನ್ಯಾಯಾಧೀಶರು, ಮ್ಯಾಜಿಸ್ಟ್ರೇಟರು ಸೇರಿ ನೂರಾರು ಅಧಿಕಾರಿಗಳನ್ನು ಒಂದೇ ಏಟಿಗೆ ಮನೆಗೆ ಕಳಿಸಿತು. ಅಲ್ಲಿಯ ಜನ ಅದನ್ನು ‘ಕರಾಳ ಬುಧವಾರ’ ಎಂದು ಕರೆದರು. ವರ್ಷದ ಕೊನೆಗೆ ಬೆರಿ ಸಂವಿಧಾನದ ತಿದ್ದುಪಡಿಗೆ ಬೆಂಬಲ ಕೇಳಲು ಲಂಡನ್ನಿಗೇ ನಿಯೋಗ ಕಟ್ಟಿಕೊಂಡು ಹೋದ, ಬರಿಗೈಯಲ್ಲಿ ಬಂದ. ‘ಏಜ್’ ಪತ್ರಿಕೆ ಅವನ ಬೆನ್ನಿಗೆ, ‘ಆರ್ಗಸ್’ ಎದುರಿಗೆ. ಅಣಕಕ್ಕೆ ನೆಲ ಹದವಾಗಿತ್ತು.

1880ರ ಜನವರಿಯಲ್ಲಿ ಬರ್ಕ್ ಬೀದಿಯ ಅಕಾಡೆಮಿ ಆಫ್ ಮ್ಯೂಸಿಕ್ ರಂಗಮಂದಿರಕ್ಕೆ ಕ್ಲಾರ್ಕ್ ಸಿದ್ಧಪಡಿಸಿದ ‘ಹ್ಯಾಪಿ ಲ್ಯಾಂಡ್’ನಲ್ಲಿ ಯಕ್ಷಲೋಕ ಹಾಗೆಯೇ ಇತ್ತು, ಮೇಲೇರಿ ಬರುವವರು ಮಾತ್ರ ಬೆರಿಯ ಸಂಪುಟದವರು. ಬೆರಿ ಪ್ರಧಾನಿಯಷ್ಟೇ ಅಲ್ಲ, ಮುಖ್ಯ ಕಾರ್ಯದರ್ಶಿಯೂ ಆಗಿದ್ದ; ರಂಗಮಂದಿರಗಳ ಮೇಲಿನ ಅಧಿಕಾರ ಆ ಖಾತೆಯದು. ಲಂಡನ್ನಿನಲ್ಲಿ ಅಣಕಕ್ಕೊಳಗಾದವನು ಬೇರೆ, ನಿಷೇಧಿಸಿದವನು ಬೇರೆ. ನಡುವೆ ಅರಮನೆಯ ಒಂದು ಕಚೇರಿ ಇತ್ತು. ಮೆಲ್ಬರ್ನಿನಲ್ಲಿ ತನ್ನನ್ನು ಅಣಕಿಸುವ ನಾಟಕ ಆಡಬಹುದೇ ಎಂದು ತೀರ್ಮಾನಿಸಬೇಕಾದ ಮಂತ್ರಿ ಅಣಕಕ್ಕೊಳಗಾದವನೇ. ತೀರ್ಮಾನ ನಿಷೇಧವೇ ಆಯಿತು. ಜಗಳ ರಂಗದಿಂದ ಪತ್ರಿಕೆಗೆ, ಪತ್ರಿಕೆಯಿಂದ ಶಾಸನಸಭೆಗೆ ಹರಿಯಿತು. ಫೆಬ್ರುವರಿ ಕೊನೆಯ ಚುನಾವಣೆಯಲ್ಲಿ ಬೆರಿ ಸೋತ. ನಾಟಕದಿಂದಲೇ ಸೋತ ಎಂದು ಹೇಳುವುದು ಅತಿಯಾದೀತು. ಅವನ ಮೇಲೆ ಬೇರೆ ಸಿಟ್ಟುಗಳು ಬೇಕಾದಷ್ಟಿದ್ದವು, ಮತ್ತು ಅದೇ ವರ್ಷ ಅವನು ಅಧಿಕಾರಕ್ಕೆ ಮರಳಿಯೂ ಬಂದ. ಆದರೆ ಮತಪೆಟ್ಟಿಗೆ ಇರುವ ವಸಾಹತಿನಲ್ಲಿ ನಿಷೇಧದ ಆಯಸ್ಸು ಸರ್ಕಾರದ ಆಯಸ್ಸಿಗಿಂತ ಉದ್ದವಿರುವುದಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಕ್ಲಾರ್ಕನಿಗೆ ಆಯಸ್ಸು ಇರಲಿಲ್ಲ. ಮರುವರ್ಷ ಗ್ರಂಥಪಾಲಕನ ಹುದ್ದೆಗೆ ಅರ್ಜಿ ಹಾಕಿದ, ಸಿಗಲಿಲ್ಲ. ಸಾಲದಲ್ಲಿ ಮುಳುಗಿ, 1881ರ ಆಗಸ್ಟ್ 2ರಂದು, 35ನೆಯ ವಯಸ್ಸಿಗೆ ತೀರಿಕೊಂಡ.

ಅದೇ ದಿನಗಳಲ್ಲಿ ಕೆನಡಾದಲ್ಲೂ ಇಂಥದೇ ಒಂದು ಪ್ರಯೋಗ ನಡೆಯಿತು. 1880ರ ಫೆಬ್ರುವರಿಯಲ್ಲಿ ಮಾಂಟ್ರಿಯಲ್ಲಿನಲ್ಲಿ ಯುಜೀನ್ ಮೆಕ್‌ಡೋವಲ್ ಕಂಪನಿ ಡಬ್ಲ್ಯು. ಎಚ್. ಫುಲ್ಲರ್ ಬರೆದ ‘ಎಚ್.ಎಂ.ಎಸ್. ಪಾರ್ಲಿಮೆಂಟ್’ ಆಡಿತು. ಗಿಲ್ಬರ್ಟ್ ಮತ್ತು ಸಲಿವನ್ನರ ‘ಎಚ್.ಎಂ.ಎಸ್. ಪಿನಫೋರ್’ ಅದರ ಅಚ್ಚು. ಕ್ಯಾಪ್ಟನ್ ಜಾಗದಲ್ಲಿ ಪ್ರಧಾನಿ ಜಾನ್ ಎ. ಮೆಕ್‌ಡೊನಾಲ್ಡ್. ಹಡಗಿನ ಗಂಧವಿಲ್ಲದವನು ನೌಕಾಮಂತ್ರಿಯಾಗುವ ‘ಪಿನಫೋರ್’ನ ಹಾಸ್ಯಕ್ಕೆ ಬೀಜ ‘ಹ್ಯಾಪಿ ಲ್ಯಾಂಡ್’ನಲ್ಲಿದೆ ಎಂಬುದನ್ನು ನೆನೆದರೆ, ಒಂದೇ ಬೀಜದ ಎರಡು ಸಸಿಗಳು ಒಂದೇ ಚಳಿಗಾಲದಲ್ಲಿ—ಮೆಲ್ಬರ್ನಿನವರಿಗೆ ಅದು ಬೇಸಿಗೆ—ಎರಡು ವಸಾಹತುಗಳಲ್ಲಿ ಚಿಗುರಿದವು ಎನ್ನಬಹುದು. ಫುಲ್ಲರನ ನಾಟಕ ಊರಿಂದೂರಿಗೆ ಹೋಯಿತು.

ಈಗ ಅಕಾಡೆಮಿ ಆಫ್ ಮ್ಯೂಸಿಕ್‌ಗೆ ಮತ್ತೆ ಬರೋಣ. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದೇ ಆ ಕಟ್ಟಡ. 1876ರಲ್ಲಿ ತೆರೆದ ಆ ಮಂದಿರವನ್ನು ಆರಂಭದ ವರ್ಷಗಳಲ್ಲಿ ನಡೆಸಿದವರು ಜಿ. ಬಿ. ಡಬ್ಲ್ಯು. ಲೂಯಿಸ್ ಮತ್ತು ಅವನ ಹೆಂಡತಿ ನಟಿ ರೋಸ್ ಎಡೂಯಿನ್. ಬರ್ಲೆಸ್ಕ್ ರೋಸಳ ಮನೆತನದ ಕಸುಬು. ಅವಳ ಒಡಹುಟ್ಟಿದ ವಿಲ್ಲೀ ಎಡೂಯಿನ್, ಅಮೆರಿಕದಲ್ಲಿ ಬರ್ಲೆಸ್ಕಿನ ಹುಚ್ಚು ಹಚ್ಚಿದ ಲಿಡಿಯಾ ಥಾಂಪ್ಸನ್ನಳ ತಂಡದ ಹಾಸ್ಯನಟ. ಈ ದಂಪತಿ ಮೆಲ್ಬರ್ನಿನಲ್ಲಿ ನೆಲೆಯೂರುವ ಮೊದಲು, 1860ರ ದಶಕದ ಕೊನೆಯಿಂದ ಹಲವು ಚಳಿಗಾಲ, ಕಲ್ಕತ್ತೆಯಲ್ಲಿ ನಾಟಕ ನಡೆಸಿದ್ದರು. ಚೌರಂಗಿಯ ಲೂಯಿಸ್ ಥಿಯೇಟರ್ ಬಿಳಿಯರ ಮನರಂಜನೆಗೆ ಕಟ್ಟಿದ್ದು. ಆದರೆ ಟಿಕೆಟ್ ಕೊಂಡು ಒಳಗೆ ಕುಳಿತವರಲ್ಲಿ ಬಂಗಾಳಿ ತರುಣರೂ ಇದ್ದರು. 1873ರಲ್ಲಿ, ಅಂದರೆ ಲಂಡನ್ನಿನಲ್ಲಿ ‘ಹ್ಯಾಪಿ ಲ್ಯಾಂಡ್’ ಗದ್ದಲವೆದ್ದ ವರ್ಷವೇ, ಭುವನಮೋಹನ ನಿಯೋಗಿಯ ಹಣದಿಂದ ಬೀಡನ್ ಬೀದಿಯಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರ್ ಎದ್ದಿತು. ಅದನ್ನು ರೂಪಿಸಿದ ಧರ್ಮದಾಸ ಸೂರ್ ಮಾದರಿಯಾಗಿ ಇಟ್ಟುಕೊಂಡದ್ದು ಲೂಯಿಸ್ ಥಿಯೇಟರನ್ನು.

ಆ ಗ್ರೇಟ್ ನ್ಯಾಷನಲ್‌ನಲ್ಲಿ 1876ರ ಫೆಬ್ರುವರಿಯಲ್ಲಿ ಆಡಿದ ಒಂದು ಪ್ರಹಸನ ಇಂಡಿಯಾದ ರಂಗಭೂಮಿಗೆ ಕಾಯ್ದೆಯ ಬೇಲಿ ಹಾಕಿಸಿತು. ಜನವರಿಯಲ್ಲಿ ಕಲ್ಕತ್ತೆಗೆ ಬಂದಿದ್ದ ಪ್ರಿನ್ಸ್ ಆಫ್ ವೇಲ್ಸನನ್ನು ವಕೀಲ ಜಗದಾನಂದ ಮುಖರ್ಜಿ ಭವಾನಿಪುರದ ತನ್ನ ಮನೆಗೆ ಕರೆದು, ಅಂತಃಪುರದ ಹೆಂಗಸರಿಂದ ಆರತಿ ಎತ್ತಿಸಿದ್ದ. ಊರು ಕೆರಳಿತ್ತು. ಉಪೇಂದ್ರನಾಥ ದಾಸ್ ನಿರ್ದೇಶಕನಾಗಿದ್ದ ಥಿಯೇಟರ್ ಅದನ್ನು ‘ಗಜದಾನಂದ ಮತ್ತು ಯುವರಾಜ’ ಎಂದು ರಂಗಕ್ಕೆ ತಂದಿತು. ಮೊದಲ ಎರಡು ಅಕ್ಷರ ಜಾಗ ಬದಲಿಸಿ ಜಗದಾನಂದ ಗಜದಾನಂದನಾಗಿದ್ದ. ಲಂಡನ್ನಿನವರು ಮೊದಲಕ್ಷರದಿಂದ ಮಾಡಿದ್ದನ್ನು ಇವರು ಅಕ್ಷರ ಅದಲುಬದಲು ಮಾಡಿ ಸಾಧಿಸಿದರು. ಪೊಲೀಸರು ತಡೆದರು. ‘ಹನುಮಾನ್ ಚರಿತ್ರ’ ಎಂದು ಹೆಸರು ಬದಲಿಸಿ ಆಡಿದರು. ಅದನ್ನೂ ತಡೆದಾಗ, ಹಾಗ್ ಮತ್ತು ಲ್ಯಾಂಬ್ ಎಂಬ ಹೆಸರಿನ ಇಬ್ಬರು ಪೊಲೀಸ್ ಅಧಿಕಾರಿಗಳನ್ನೇ ಗುರಿ ಮಾಡಿ ‘ಹಂದಿ ಮತ್ತು ಕುರಿಯ ಪೊಲೀಸ್’ ಆಡಿದರು. ಫೆಬ್ರುವರಿ 29ರಂದು ವೈಸರಾಯ್ ನಾರ್ಥ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದ. ಮಾರ್ಚ್ 4ರಂದು ‘ಸುರೇಂದ್ರ-ವಿನೋದಿನಿ’ ನಾಟಕ ಅಶ್ಲೀಲವೆಂಬ ನೆಪದಲ್ಲಿ ಉಪೇಂದ್ರನಾಥ ದಾಸ್, ಅಮೃತಲಾಲ್ ಬಸು ಮೊದಲಾದವರ ಬಂಧನವಾಯಿತು. ಇಬ್ಬರಿಗೂ ಒಂದು ತಿಂಗಳ ಸಜೆ. ಹೈಕೋರ್ಟು ಅದನ್ನು ರದ್ದು ಮಾಡಿತು. ಆದರೆ ಸುಗ್ರೀವಾಜ್ಞೆ ಅದೇ ಡಿಸೆಂಬರಿನಲ್ಲಿ ಕಾಯ್ದೆಯಾಯಿತು: 1876ರ 19ನೆಯ ಕಾಯ್ದೆ, ನಾಟಕ ಪ್ರದರ್ಶನಗಳ ಕಾಯ್ದೆ.

‘ಗಜದಾನಂದ’ ‘ಹ್ಯಾಪಿ ಲ್ಯಾಂಡ್’ನ ಮಗು ಎಂದು ನಾನು ಹೇಳುತ್ತಿಲ್ಲ. ಬಂಗಾಳಿ ಪ್ರಹಸನಕ್ಕೆ ಮೈಕೇಲ್ ಮಧುಸೂದನ, ದೀನಬಂಧು ಮಿತ್ರರಿಂದ ಬಂದ ತನ್ನದೇ ಪರಂಪರೆಯಿದೆ. ನಾನು ತೋರಿಸಬಯಸುವ ನಂಟು ಮನೆಯದು ಮತ್ತು ಮನುಷ್ಯರದು. ಒಂದೇ ದಂಪತಿ ನಡೆಸಿದ ಎರಡು ರಂಗಮಂದಿರಗಳಲ್ಲಿ ಒಂದು ಕಲ್ಕತ್ತೆಯ ಬಂಡಾಯದ ಥಿಯೇಟರಿಗೆ ಮಾದರಿಯಾಯಿತು, ಇನ್ನೊಂದು ಮೆಲ್ಬರ್ನಿನ ನಿಷಿದ್ಧ ನಾಟಕದ ನೆಲೆಯಾಯಿತು. ನಾರ್ಥ್‌ಬ್ರೂಕನನ್ನು 1872ರಲ್ಲಿ ವೈಸರಾಯ್ ಆಗಿ ಕಳಿಸಿದ್ದು ಗ್ಲಾಡ್‌ಸ್ಟನ್ ಸರ್ಕಾರ, ಅಂದರೆ ಆ ಮಿಸ್ಟರ್ ಜಿ. ಲಂಡನ್ನಿನಲ್ಲಿ ಮಿಸ್ಟರ್ ಜಿ. ಕೆಲವೇ ದಿನಗಳಲ್ಲಿ ಬೇರೆ ವೇಷದಲ್ಲಿ ಮತ್ತೆ ಕುಣಿದ. ಕಲ್ಕತ್ತೆಯಲ್ಲಿ ಮತದಾರನೂ ಇರಲಿಲ್ಲ, ಸೋಲಬೇಕಾದ ಮಂತ್ರಿಯೂ ಇರಲಿಲ್ಲ. ಹಾಗಾಗಿ ನಿಷೇಧ ಸ್ವಾತಂತ್ರ್ಯವನ್ನೂ ದಾಟಿ ಉಳಿಯಿತು. ನಮ್ಮ ರಾಜ್ಯದಲ್ಲೂ 1964ರಲ್ಲಿ ನಾಟಕ ಪ್ರದರ್ಶನಗಳ ಅಧಿನಿಯಮ ಎಂಬ ಹೆಸರಿನಲ್ಲೇ ಒಂದು ಕಾನೂನು ಬಂತು. ಕೇಂದ್ರದ ಹಳೆಯ ಕಾಯ್ದೆ ರದ್ದಾದದ್ದು 2018ರಲ್ಲಿ.

ಆ 1876ರ ಕಾಯ್ದೆಯ 8ನೆಯ ಕಲಮನ್ನು ರಂಗಭೂಮಿಯ ಇತಿಹಾಸಕಾರರು ನಿಧಾನವಾಗಿ ಓದಬೇಕು. ನಿಷೇಧಿತ ನಾಟಕ ನಡೆಯುತ್ತಿದೆ ಎಂಬ ಅನುಮಾನವಿರುವ ಮನೆಗೆ ಪೊಲೀಸರು ಹಗಲಾಗಲಿ ರಾತ್ರಿಯಾಗಲಿ ನುಗ್ಗಬಹುದು, ಅಲ್ಲಿರುವ ಜನರನ್ನು ಹಿಡಿಯಬಹುದು ಎಂದು ಅದು ಮೊದಲು ಹೇಳುತ್ತದೆ. ಆಮೇಲೆ ವಶಪಡಿಸಿಕೊಳ್ಳಬೇಕಾದ ವಸ್ತುಗಳ ಪಟ್ಟಿ ಕೊಡುತ್ತದೆ. ಅಲ್ಲಿ ಹಸ್ತಪ್ರತಿ ಎಂಬ ಮಾತಿಲ್ಲ. ಲಂಡನ್ನಿನ ಪರೀಕ್ಷಕ ಡಾನ್ ತನ್ನ ಮೇಜಿನ ಮೇಲೆ ಹುಡುಕಿ ಕಾಣದೆ ಹೋದದ್ದನ್ನೇ ಅದು ಹೆಸರಿಸುತ್ತದೆ: ಮೊದಲು ಪರದೆಗಳು, ನಂತರ ಉಡುಪುಗಳು.